ಕಲಬುರಗಿಯ ಬೇಸಿಗೆಯಲ್ಲಿ 27 ಡಿಗ್ರಿ: ಇನ್ನೂರು ಯೂನಿಟ್ಟಿನೊಳಗೆ ಏಸಿ ನಡೆಸಿದ ನನ್ನ ಅನುಭವ

ಮೇ ತಿಂಗಳ ಕಲಬುರಗಿಯಲ್ಲಿ, ನೇರವಾಗಿ ತಾರಸಿಯ ಕೆಳಗಿರುವ ಕೋಣೆಯಲ್ಲಿ, ಏಸಿಯನ್ನು 27 ಡಿಗ್ರಿಗೆ ಇಟ್ಟು ಬೆಳಗಿನವರೆಗೆ ನೆಮ್ಮದಿಯಾಗಿ ಮಲಗಬಹುದು ಎಂದು ನಾನು ಹೇಳಿದಾಗ ಒಪ್ಪಿದವರು ಒಬ್ಬರೂ ಇರಲಿಲ್ಲ. ಸರ್ವಿಸಿಗೆ ಬರುವ ಮೆಕ್ಯಾನಿಕ್ ಹುಡುಗ, “ಇಪ್ಪತ್ತೇಳಕ್ಕ ಇಡೋದಿದ್ರ ಏಸಿ ಯಾಕ ತಗೊಂಡ್ರಿ ಸರ್, ಫ್ಯಾನ್ ಸಾಕಿತ್ತಲ್ಲ” ಎಂದು ನಕ್ಕ. ನಮ್ಮ ಭಾವನವರಂತೂ ಒಂದು ಟನ್ನಿನ ಏಸಿ ಈ ಊರಿನ ಬಿಸಿಲಿಗೆ ಸಾಲದು, ಒಂದೂವರೆ ಟನ್ ತಂದು ಹದಿನೆಂಟಕ್ಕೆ ಇಡು ಎಂದು ಎರಡು ಬೇಸಿಗೆ ಉಪದೇಶ ಮಾಡಿದರು. 2025ರ ಬೇಸಿಗೆಯಲ್ಲಿ ನನ್ನ ಲೆಕ್ಕ ಕೂಡಿಬಂತು. ಹಾಗಾಗಿ ಈ ಬರಹ.

ಇದಕ್ಕೆ ಕೈಹಾಕಲು ಮುಖ್ಯ ಕಾರಣ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ. 2022-23ರ ತಿಂಗಳ ಸರಾಸರಿ ಬಳಕೆಯ ಮೇಲೆ ಶೇಕಡಾ ಹತ್ತು ಸೇರಿಸಿ ನಮ್ಮ ಮನೆಗೆ ಉಚಿತವಾಗಿ ನಿಗದಿಯಾದದ್ದು 180 ಯೂನಿಟ್ ಆಸುಪಾಸು. ಏಸಿ ಕೊಂಡದ್ದು 2021ರಲ್ಲಿ. ಮರುವರ್ಷ ಅದನ್ನು ಮನಸೋ ಇಚ್ಛೆ ಓಡಿಸಿದ್ದರಿಂದ ಸರಾಸರಿ ಏರಿ ಕುಳಿತಿತ್ತು, ಆ ದುಂದುಗಾರಿಕೆಗೆ ಈಗ ಬಹುಮಾನ ಸಿಕ್ಕಂತಾಗಿದೆ. ನಿಗದಿಯಾದದ್ದನ್ನು ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ ಕಟ್ಟಿದರೆ ಸಾಕು, ಆದರೆ 200 ದಾಟಿದ ತಿಂಗಳು ಇಡೀ ಬಿಲ್ಲು ನಮ್ಮ ತಲೆಗೇ ಬರುತ್ತದೆ. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರೀಡಿಂಗ್ 270ರವರೆಗೆ ಹೋಗಿ, ಪ್ರತಿ ಬಾರಿಯೂ ಎರಡು ಸಾವಿರದ ಮೇಲೆ ತೆತ್ತೆವು. ಇನ್ನೂರರ ಗೆರೆಯ ಈಚೆಗೆ ಐವತ್ತು ಅರವತ್ತು ರೂಪಾಯಿ, ಆಚೆಗೆ ಎರಡು ಸಾವಿರ; ಈ ಅಂತರವೇ ನನ್ನನ್ನು ಏಸಿಯೊಂದರ ಬಳಕೆಯನ್ನೇ ಅಳೆಯುವ ಪ್ಲಗ್ ಮೀಟರ್ ಕೊಳ್ಳುವಂತೆ ಮಾಡಿತು.

ನಮ್ಮದು ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಒಂದು ಟನ್ನಿನ ಫೈವ್ ಸ್ಟಾರ್ ಇನ್ವರ್ಟರ್ ಏಸಿ, ಅಂದರೆ ಕಂಪ್ರೆಸರಿನ ವೇಗವನ್ನು ಬೇಕಾದಂತೆ ಏರಿಳಿಸುವಂಥದ್ದು. ಊರಿನಲ್ಲಿ ಎಲ್ಲರೂ ಮಾಡುವುದನ್ನೇ ಮೊದಲು ಅಳತೆ ಹಿಡಿದು ನೋಡಿದೆ: 18ಕ್ಕೆ ಇಟ್ಟು ಒಂದು ಗಂಟೆ ಕೋಣೆಯನ್ನು ಕೊರೆಸುವುದು, ಆರಿಸುವುದು, ಬೆವರು ಬಂದಾಗ ಮತ್ತೆ ಹಾಕುವುದು. ಗಾಳಿ ಬೇಗ ತಣ್ಣಗಾಗುತ್ತದೆ, ನಿಜ. ಆದರೆ ರಾತ್ರಿ ಹತ್ತು ಗಂಟೆಗೆ ಸ್ಲ್ಯಾಬಿನ ಒಳಮೈಗೆ ಇನ್ಫ್ರಾರೆಡ್ ಗನ್ ಹಿಡಿದರೆ 39, 40 ತೋರಿಸುತ್ತಿತ್ತು. ಉರಿ ಆರಿಸಿದ ಮೇಲೂ ರೊಟ್ಟಿ ಹೆಂಚು ಕಾವು ಬಿಡುವಂತೆ ಅದು ನಡುರಾತ್ರಿಯವರೆಗೆ ಹಾಸಿಗೆಯ ಮೇಲೆ ಶಾಖ ಸುರಿಯುತ್ತಲೇ ಇರುತ್ತದೆ. ಏಸಿ ಆರಿಸಿದ ಇಪ್ಪತ್ತು ನಿಮಿಷದಲ್ಲಿ ಕೋಣೆ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತಿತ್ತು, ಮತ್ತೆ ಹಾಕಿದಾಗ ಕಂಪ್ರೆಸರ್ ಸಾವಿರ ವ್ಯಾಟಿನ ಮೇಲೆ ಎಳೆಯುತ್ತಿತ್ತು. ಈ ಪದ್ಧತಿಗಿಂತ, ಆರಿಸದೆ ಇಡೀ ರಾತ್ರಿ 24ರಲ್ಲಿ ಬಿಟ್ಟಾಗಲೇ ಕಡಿಮೆ ಖರ್ಚಾಯಿತು. ಆದರೂ ರಾತ್ರಿಗೆ ಆರು ಯೂನಿಟ್.

ತಾರಸಿಯನ್ನು ಸರಿಪಡಿಸದೆ 27ರ ಮಾತೆತ್ತುವುದು ವ್ಯರ್ಥವೆಂದು ಇದರಿಂದ ಖಾತ್ರಿಯಾಯಿತು. ಮೊದಲು ಒದ್ದೆ ಗೋಣಿಚೀಲ ಹಾಸಿದೆ. ಫಲ ಅದ್ಭುತವಾಗಿತ್ತು, ಆದರೆ ನಲ್ಲಿಯ ಸರದಿಗಾಗಿ ದಿನಗಟ್ಟಲೆ ಕಾಯುವ ನಮ್ಮ ಬಡಾವಣೆಯಲ್ಲಿ ದಿನಕ್ಕೆ ಹತ್ತಾರು ಕೊಡ ನೀರನ್ನು ತಾರಸಿಗೆ ಸುರಿಯುವುದನ್ನು ನಮ್ಮವಳು ಒಂದೇ ವಾರದಲ್ಲಿ ನಿಲ್ಲಿಸಿದಳು; ಟ್ಯಾಂಕರ್ ತರಿಸಿದರೆ ಕರೆಂಟಿನಲ್ಲಿ ಉಳಿದದ್ದು ನೀರಿಗೆ ಹೋಗುತ್ತಿತ್ತು. ಆಮೇಲೆ ಎರಡೂವರೆ ಸಾವಿರ ಕೊಟ್ಟು ಹಸಿರು ನೆಟ್ ಕಟ್ಟಿಸಿದೆ, ಮೇ ಮಧ್ಯದ ಒಂದು ಬಿರುಗಾಳಿಗೆ ಅದು ಪಕ್ಕದ ಮನೆಯ ಡಿಶ್ಶಿಗೆ ಸುತ್ತಿಕೊಂಡಿತು. ಕೂಲ್ ರೂಫ್ ಬಣ್ಣಕ್ಕೆ ಒಬ್ಬರು 28 ಸಾವಿರ ಹೇಳಿದರು. ಕೊನೆಗೆ ಕೈಹಿಡಿದದ್ದು ಸುಣ್ಣ. ಬರೀ ಸುಣ್ಣ ಮೊದಲ ಮಳೆಗೇ ತೊಳೆದುಹೋಗುತ್ತದೆ; ಬಿಳಿ ಸಿಮೆಂಟು ಮತ್ತು ಅಂಟು ಬೆರೆಸಬೇಕೆಂಬುದು ಎಲ್ಲರಿಗೂ ಗೊತ್ತು, ಆದರೆ ಯಾವುದು ಎಷ್ಟು, ಎಷ್ಟು ಹೊತ್ತು ನೆನೆಯಬೇಕು ಎಂಬ ಪ್ರಮಾಣ ನನಗೆ ಬಹಳ ಪ್ರಯೋಗದಿಂದ ದಕ್ಕಿದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ. ಕೂಲಿ ಸೇರಿ ನಾಲ್ಕೂವರೆ ಸಾವಿರ ಆಯಿತು. ಮೂರು ಕೈ ಬಳಿದ ಮೇಲೆ ಅದೇ ಹತ್ತು ಗಂಟೆಗೆ ಸ್ಲ್ಯಾಬು 34, 35 ತೋರಿಸಿತು.

ಇನ್ನು ಡಿಗ್ರಿಯ ವಿಷಯ. 2020ರ ಜನವರಿಯಿಂದ ಎಲ್ಲ ಸ್ಟಾರ್ ಲೇಬಲ್ ಏಸಿಗಳೂ ಕಾರ್ಖಾನೆಯಿಂದಲೇ 24ಕ್ಕೆ ಹೊಂದಿಕೊಂಡು ಬರುತ್ತವೆ, ಒಂದು ಡಿಗ್ರಿ ಏರಿಸಿದರೆ ಶೇಕಡಾ ಆರರಷ್ಟು ಉಳಿತಾಯ ಎಂದು ಸ್ಟಾರ್ ಲೇಬಲ್ ಕೊಡುವ ಕೇಂದ್ರದ ಸಂಸ್ಥೆ ಬಿಇಇ ಹೇಳುತ್ತದೆ. ನನ್ನ ಕೋಣೆಯಲ್ಲಿ ಉಳಿತಾಯ ಹೀಗೆ ಸಮನಾಗಿ ಏರಲಿಲ್ಲ. ಸುಣ್ಣ ಬಳಿದ ಮೇಲೂ 24ರಿಂದ 25ಕ್ಕೆ ಏರಿಸಿದಾಗ ಮೀಟರಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 26 ದಾಟಿದ ಕೂಡಲೇ ಕಂಪ್ರೆಸರ್ ವೇಗ ಇಳಿಸಿ 300 ವ್ಯಾಟಿನ ಸುತ್ತ ಗುನುಗತೊಡಗಿತು. ಇನ್ವರ್ಟರಿಗೆ ಹಣ ಕೊಟ್ಟದ್ದು ಈ ಗುನುಗಿಗಾಗಿಯೇ. 18ಕ್ಕೆ ಇಟ್ಟು ಏಸಿಯನ್ನು ರಾತ್ರಿಯಿಡೀ ಓಡಿಸುವವರು ಸ್ಟಾರಿಗೆ ತೆತ್ತ ಹೆಚ್ಚುವರಿ ಹಣವನ್ನು ಚರಂಡಿಗೆ ಹಾಕಿದಂತೆ.

ರಿಮೋಟಿನಲ್ಲಿ ಕಾಣುವ ಅಂಕಿ ಮಂಚದ ಮೇಲಿನ ಉಷ್ಣತೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸೆನ್ಸರ್ ಇರುವುದು ಯೂನಿಟ್ಟಿನೊಳಗೆ, ಫಿಲ್ಟರಿನ ಹಿಂದೆ, ಸೂರಿನ ಬಿಸಿಗಾಳಿಯ ನಡುವೆ. ನಾನ್ನೂರು ರೂಪಾಯಿಯ ಒಂದು ಡಿಜಿಟಲ್ ಥರ್ಮಾಮೀಟರನ್ನು ದಿಂಬಿನ ಮಟ್ಟಕ್ಕೆ ತೂಗುಹಾಕಿ ನೋಡಿದರೆ, ಫ್ಯಾನ್ ಇಲ್ಲದಾಗ ಮೇಲೆ 26, ಕೆಳಗೆ 24 ಇರುತ್ತಿತ್ತು. ಅಂದರೆ ಕಾಲು ಕೊರೆಯುತ್ತಿದ್ದರೂ ಯಂತ್ರ ದುಡಿಯುತ್ತಲೇ ಇತ್ತು. ಸೀಲಿಂಗ್ ಫ್ಯಾನನ್ನು ಮೂರರಲ್ಲಿ ತಿರುಗಿಸಿದ ಮೇಲೆ ಎರಡೂ ಅಂಕಿಗಳು ಹತ್ತಿರ ಬಂದವು. ಮೈಮೇಲೆ ಗಾಳಿ ಆಡುವುದರಿಂದ 27 ಡಿಗ್ರಿ 24, 25ರಂತೆ ಅನಿಸುತ್ತದೆ. ಏಸಿ ಹಾಕಿದರೆ ಫ್ಯಾನ್ ಆರಿಸಬೇಕು ಎಂಬ ಹಳೆಯ ನಂಬಿಕೆಯನ್ನು ಮನೆಯವರ ತಲೆಯಿಂದ ತೆಗೆಯಲು ಸುಣ್ಣ ಬಳಿಸಿದ್ದಕ್ಕಿಂತ ಹೆಚ್ಚು ಶ್ರಮ ಬೇಕಾಯಿತು.

ನಡುವೆ ನಡುಮನೆಯ ಕೂಲರಿನೊಂದಿಗೂ ಆಟವಾಡಿದೆ. ಏಪ್ರಿಲ್ ಒಣಹವೆಯಲ್ಲಿ ಕೂಲರಿಗೆ ಸಾಟಿಯಿಲ್ಲ, ಲಾವಂಚದ ಪ್ಯಾಡ್ ಹಾಕಿದರಂತೂ ಮನೆಯೆಲ್ಲ ಘಮಘಮ. ಎರಡನ್ನೂ ಒಟ್ಟಿಗೆ ಓಡಿಸಿದರೆ ಇನ್ನೂ ತಂಪಾದೀತೆಂದು ನೋಡಿದೆ. ಕೂಲರ್ ತುಂಬಿದ ತೇವವನ್ನು ಹೊರಹಾಕುವುದರಲ್ಲೇ ಏಸಿಯ ಶಕ್ತಿ ಕಳೆದು, ಹೊರಗಿನ ಡ್ರೈನ್ ಪೈಪಿನಲ್ಲಿ ನೀರು ಧಾರೆಯಾಗಿ ಸುರಿಯಿತೇ ಹೊರತು ಡಿಗ್ರಿ ಇಳಿಯಲಿಲ್ಲ. ಈಗ ಸಂಜೆ ಐದರಿಂದ ಒಂಬತ್ತರವರೆಗೆ ಮಲಗುವ ಕೋಣೆಯ ಬಾಗಿಲು, ಕಿಟಕಿ ತೆರೆದು ಕೂಲರ್ ಗಾಳಿ ಹಾಯಿಸಿ ಗೋಡೆಗಳ ಕಾವು ಇಳಿಸುತ್ತೇನೆ, ಅದನ್ನು ಆರಿಸಿ ಅರ್ಧ ಗಂಟೆ ಬಿಟ್ಟು ಏಸಿ ಹಾಕುತ್ತೇನೆ.

ಮೊದಲ ಗಂಟೆ 26, ಆಮೇಲೆ 27, ನಸುಕಿನ ಮೂರೂವರೆಯ ಹೊತ್ತಿಗೆ 28. ಸ್ಲೀಪ್ ಮೋಡ್ ನನಗೆ ಹೊಂದಲಿಲ್ಲ, ಏಕೆಂದರೆ ಅದು ಮೊದಲೆರಡು ಗಂಟೆಯಲ್ಲೇ ಡಿಗ್ರಿ ಏರಿಸಿಬಿಡುತ್ತದೆ, ನಮ್ಮ ಸ್ಲ್ಯಾಬು ಆಗಿನ್ನೂ ಆರಿರುವುದಿಲ್ಲ. ಯಾರೂ ಏಳದೆ 28 ಆಗುವಂತೆ ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದು ಸದ್ಯ ಮನೆಯೊಳಗಿನ ಗುಟ್ಟು. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ವೆಂಟಿಲೇಟರಿಗೆ ಅಕ್ರಿಲಿಕ್ ಹಾಳೆ, ಪಶ್ಚಿಮದ ಕಿಟಕಿಗೆ ದಪ್ಪ ಪರದೆ, ಇವಕ್ಕೆಲ್ಲ ಹದಿನೈದು ನೂರು ಹಿಡಿಯಿತು. ಧೂಳಿನ ಊರಾದ್ದರಿಂದ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯುತ್ತೇವೆ. ರಾತ್ರಿಗೆ ಮೂರೂವರೆ ಯೂನಿಟ್ ಏಸಿಗೆ, ಕೂಲರು, ಫ್ರಿಜ್ಜು, ಮೋಟಾರು ಎಲ್ಲ ಸೇರಿ ಮತ್ತೆ ಮೂರರ ಒಳಗೆ. ಮೇ ತಿಂಗಳ ಬಿಲ್ಲಿನಲ್ಲಿ 190ರ ಹತ್ತಿರ ಬಂತು. ಮಾಡಿದ ಖರ್ಚೆಲ್ಲ ಆ ಒಂದು ಬೇಸಿಗೆಯಲ್ಲಿ ಹುಟ್ಟಿತೆಂದು ಹೇಳಲಾರೆ, ಎರಡನೆಯದರಲ್ಲಿ ಹುಟ್ಟುತ್ತದೆ.

ಇದೇ ಅಂಕಿಗಳನ್ನು ಕರಾವಳಿಗೆ ಒಯ್ಯಬೇಡಿ. ಮಂಗಳೂರಿನ ಮಗಳ ಮನೆಯಲ್ಲಿ 27ಕ್ಕೆ ಇಟ್ಟಾಗ ಕಂಪ್ರೆಸರ್ ಬೇಗನೆ ನಿಧಾನವಾಗಿ, ಕಾಯಿಲ್ ಸಾಕಷ್ಟು ತಣ್ಣಗಾಗದೆ, ತೇವ ಹಾಗೇ ಉಳಿದು ಹಾಸಿಗೆಯೆಲ್ಲ ಅಂಟಂಟಾಯಿತು. ಅಲ್ಲಿ 25ಕ್ಕೆ ಇಳಿಸಿ, ಏಸಿಯ ಬ್ಲೋವರನ್ನು ಕಡಿಮೆ ವೇಗಕ್ಕೆ ತಂದು, ಸೀಲಿಂಗ್ ಫ್ಯಾನನ್ನು ಮಾತ್ರ ಮೂರರಲ್ಲೇ ಬಿಟ್ಟಾಗ ತೇವ ಇಳಿದು ನಿದ್ದೆ ಹತ್ತಿತು. ನಮ್ಮಲ್ಲಿಯೂ ಜೂನಿನಲ್ಲಿ ಮೋಡ ಕಟ್ಟಿದ ಮೇಲೆ ಕೂಲರನ್ನು ಮುಚ್ಚಿಟ್ಟು ಒಂದು ಡಿಗ್ರಿ ಇಳಿಸಲೇಬೇಕಾಗುತ್ತದೆ; ಸ್ಲ್ಯಾಬಿನ ಕಾವು ಆಗ ಕಡಿಮೆಯಾಗಿರುವುದರಿಂದ ಮೀಟರಿಗೆ ಅದು ಭಾರವಾಗುವುದಿಲ್ಲ.