ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶುಗರ್ ನೋಡಿಕೊಳ್ಳುವ ಬಗೆ

ಡಿಸ್ಚಾರ್ಜ್ ಚೀಟಿಯಲ್ಲಿರುವ ಇನ್ಸುಲಿನ್ ಡೋಸ್ ಹಾಸಿಗೆ ಹಿಡಿದಿದ್ದ ದೇಹಕ್ಕೆ ಹಾಕಿದ ಲೆಕ್ಕ. ಸೋಂಕು, ಆಪರೇಷನ್, ನೋವು ಇದ್ದಾಗ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೆಚ್ಚಿ ಶುಗರ್ ಏರುತ್ತದೆ. ಗಾಯ ಮಾಗಿ ಓಡಾಟ ಶುರುವಾದಂತೆ ಅದೇ ಡೋಸ್ ಅತಿಯಾಗಬಹುದು. ಏರಿದ್ದಕ್ಕೆ ಎಲ್ಲರೂ ಗಾಬರಿಯಾಗುತ್ತಾರೆ. ಇಳಿಯುವುದರ ಮೇಲೆ ಯಾರೂ ಕಣ್ಣಿಡುವುದಿಲ್ಲ.

ಮೊದಲ ದಿನವೇ ಹಳೆಯ ಮಾತ್ರೆಗಳನ್ನು ಹೊಸ ಚೀಟಿಯ ಪಕ್ಕ ಇಟ್ಟು ತಾಳೆ ನೋಡಿ. ಒಂದೇ ಔಷಧ ಎರಡು ಬ್ರ್ಯಾಂಡ್ ಹೆಸರಲ್ಲಿ ಸೇರಿಕೊಂಡಿರಬಹುದು. ಸ್ಕ್ಯಾನಿಗೆ ಡೈ ಕೊಟ್ಟು ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನಿಲ್ಲಿಸಿದ್ದರೆ, ಮತ್ತೆ ಯಾವಾಗ ಶುರು ಎಂದು ಕೇಳಿಕೊಳ್ಳಿ.

ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರು ಬೇರೆ ಹೇಳದಿದ್ದರೆ ಮೊದಲ ಎರಡು ವಾರ ಮೂರು ಊಟಕ್ಕೂ ಮುಂಚೆ, ಮಲಗುವಾಗ ಒಮ್ಮೆ ಶುಗರ್ ನೋಡಲಿ. ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಮೀಟರ್ ಸುಳ್ಳು ಹೇಳುತ್ತದೆ. ಬೆರಳ ತುದಿಯ ನಡುವಲ್ಲ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಹೆಚ್ಚಿನವರಿಗೆ ಊಟಕ್ಕೆ ಮುಂಚೆ 80–130, ಊಟವಾಗಿ ಎರಡು ಗಂಟೆಗೆ 180ರ ಒಳಗೆ ಇದ್ದರೆ ಸರಿ. ವಯಸ್ಸಾದವರಿಗೆ ಗುರಿ ಸಡಿಲ.

ಪುಸ್ತಕದಲ್ಲಿ ಅಂಕಿಯೊಂದನ್ನೇ ಬರೆದರೆ ಸಾಲದು, ಹೊತ್ತು, ಡೋಸ್, ಊಟ ಎಲ್ಲವೂ ಬೇಕು. ಬೆಳಿಗ್ಗೆ 118, ರಾತ್ರಿ ಊಟಕ್ಕೆ ಮುಂಚೆ 265 ಎಂದು ದಿನವೂ ಬರುತ್ತಿದೆಯೇ? ಬೆಳಿಗ್ಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುವವರಲ್ಲಿ ಹೀಗಾಗುವುದೇ ಹೆಚ್ಚು: ಅದರ ಬಿಸಿ ಮಧ್ಯಾಹ್ನದಿಂದ ಸಂಜೆಯವರೆಗೆ. ಖಾಲಿ ಹೊಟ್ಟೆಯ ರಿಪೋರ್ಟ್ ನೋಡಿ ನೆಮ್ಮದಿಯಾಗಿ ಕೂರಬೇಡಿ. ಸ್ಟೀರಾಯ್ಡ್ ಇಳಿಸುವಾಗ ಇನ್ಸುಲಿನ್ ಎಷ್ಟು ಇಳಿಸಬೇಕೆಂದು ಅದೇ ದಿನ ಕೇಳಿ.

ಇನ್ಸುಲಿನ್ ಪೆನ್ ಬಳಸುವವರು ಪ್ರತಿಸಲ 2 ಯೂನಿಟ್ ಗಾಳಿಗೆ ಬಿಟ್ಟು ಸೂಜಿ ತುದಿಯಲ್ಲಿ ಹನಿ ಕಾಣುವುದನ್ನು ನೋಡಿ. ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸಿ ತೆಗೆಯಿರಿ. ಬಾಟಲಿಯಾದರೆ ಅದರ ಮೇಲಿನ 40 ಅಥವಾ 100 ಎಂಬ ಅಂಕಿ (ಒಂದು ಮಿ.ಲೀ.ನಲ್ಲಿ ಎಷ್ಟು ಯೂನಿಟ್ ಎಂಬುದು) ಸಿರಿಂಜ್ ಮೇಲೂ ಇರಲೇಬೇಕು. 100ರ ಬಾಟಲಿಗೆ 40ರ ಸಿರಿಂಜ್ ಹಾಕಿದರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತದೆ. ಒಂದೇ ಜಾಗಕ್ಕೆ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಪ್ರತಿಸಲ ಒಂದು ಬೆರಳಷ್ಟಾದರೂ ಸರಿದು ಚುಚ್ಚಿ.

ಬೆವರು, ನಡುಕ, ಮಂಕು ಕಂಡು ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಂಬ್ಯುಲೆನ್ಸ್ ಕರೆಯಿರಿ.

ಎರಡು ಸಲ ನೋಡಿದರೂ 300 ದಾಟಿದರೆ ಅಂದೇ ವೈದ್ಯರಿಗೆ ಫೋನ್. ಜೊತೆಗೆ ವಾಂತಿ, ಏದುಸಿರು, ಮಂಪರು ಇದ್ದರೆ ನೇರ ತುರ್ತು ವಿಭಾಗಕ್ಕೆ. ಊಟ ಸೇರುತ್ತಿಲ್ಲವೆಂದು ದಿನಕ್ಕೊಮ್ಮೆಯ ಇನ್ಸುಲಿನ್ನನ್ನು ನೀವಾಗಿಯೇ ಬಿಡಬೇಡಿ.

ಆಸ್ಪತ್ರೆಯಲ್ಲಿ ನಿಮಗೆ ರಕ್ತ ಏರಿಸಿದ್ದರೆ ಎಚ್‌ಬಿಎ1ಸಿ ಪರೀಕ್ಷೆಗೆ ಮುಂಚೆ ಆ ಮಾತು ಹೇಳಿ. ಮೂರು ತಿಂಗಳ ಸರಾಸರಿ ತೋರಿಸುವ ಆ ಅಂಕಿ ಬೇರೆಯವರ ರಕ್ತಕಣ ಸೇರಿದಾಗ ನಂಬಿಕೆಗೆ ಬರುವುದಿಲ್ಲ; ಆಗ ನಿಮ್ಮ ಪುಸ್ತಕವನ್ನೇ ನೋಡಬೇಕಾಗುತ್ತದೆ.