ಮೆಗ್ಗಾನ್ ಕಲಿಸಿದ ಕಾಂಗರೂ ಆರೈಕೆ: ಒಬ್ಬ ಅಪ್ಪನ ಅನುಭವ

ನಮ್ಮ ಮಗಳು ಏಳೂವರೆ ತಿಂಗಳಿಗೇ ಹುಟ್ಟಿದವಳು. ಡಾಕ್ಟರ್ ಲೆಕ್ಕದಲ್ಲಿ 32 ವಾರ. ತೂಕ ಒಂದೂವರೆ ಕೆಜಿಗೂ ಕಡಿಮೆ. ಈಗ ಅಂಗನವಾಡಿಗೆ ಹೋಗುತ್ತಾಳೆ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಮೇಲೆ ಓಡಾಡಿ ಅಜ್ಜಿಯಿಂದ ಬೈಸಿಕೊಳ್ಳುತ್ತಾಳೆ. ಅವಳ ಕಥೆ ಕೇಳಿದವರೆಲ್ಲ "ಮಣಿಪಾಲಕ್ಕೆ ಕರ್ಕೊಂಡು ಹೋಗಿದ್ರಾ?" ಅನ್ನುತ್ತಾರೆ. ಇಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ.

ಅಲ್ಲಿನ ನವಜಾತ ಶಿಶು ಘಟಕದವರು ಮಗುವನ್ನು ಉಳಿಸಿಕೊಟ್ಟರು. ಜೊತೆಗೆ, ಉಳಿದ ಮಗುವನ್ನು ಬೆಳೆಸುವ ಕೆಲಸವನ್ನು ನಮಗೆ ಕೈಹಿಡಿದು ಕಲಿಸಿ ಮನೆಗೆ ಕಳಿಸಿದರು. ನನಗೆ ಅವರ ಋಣ ಜಾಸ್ತಿ ಇರುವುದು ಈ ಕಲಿಸಿದ್ದಕ್ಕೆ. ನಾವು ಅದನ್ನು ಹೇಗೆ ಮಾಡಿದೆವು ಅಂತ ಬರೆಯುತ್ತೇನೆ, ಇನ್ನೊಂದು ಮನೆಯವರಿಗೆ ಉಪಯೋಗಕ್ಕೆ ಬರಬಹುದು.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಆಷಾಢದ ಮಳೆ ಹಿಡಿದುಕೊಂಡಿತ್ತು. ಹೆಂಡತಿಗೆ ಬಿಪಿ ಏರಿ, ಹೆರಿಗೆ ಬೇಗ ಮಾಡಿಸಬೇಕಾಗುತ್ತೆ ಅಂದರು. ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೇ ಮಗುವಿನ ಶ್ವಾಸಕೋಶ ಬಲಿಯಲೆಂದು ಅವಳಿಗೆ ಮೊದಲ ಇಂಜೆಕ್ಷನ್ ಕೊಟ್ಟು 108ರಲ್ಲಿ ಕಳಿಸಿದರು. ಅದು 12 ಗಂಟೆಗೊಂದರಂತೆ ಒಟ್ಟು ನಾಲ್ಕು ಕೊಡುವ ಇಂಜೆಕ್ಷನ್. ಉಳಿದದ್ದು ಶಿವಮೊಗ್ಗದಲ್ಲಿ ಆಯಿತು. ಹುಟ್ಟಿದ ಮೇಲೆ ಅವಳು ಉಸಿರಾಟಕ್ಕೆ ಅಷ್ಟಾಗಿ ಒದ್ದಾಡಲಿಲ್ಲ ಅಂದರೆ ಆ ಇಂಜೆಕ್ಷನ್ನಿನ ಪಾಲೂ ಇದೆ ಅಂತ ಮಕ್ಕಳ ಡಾಕ್ಟರ್ ಹೇಳಿದರು. ಮಂಡಗದ್ದೆ, ಗಾಜನೂರು ದಾಟಿ ಹೋಗುವ ಆ ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ರಸ್ತೆಯಲ್ಲಿ ಹೀಗೆ ಹೋದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಮೊದಲ ಕೆಲವು ದಿನ ಮಗು ವಾರ್ಮರ್ ಮೇಲೆ, ಅಂದರೆ ಮೇಲಿಂದ ಕಾವು ಕೊಡುವ ಹಾಸಿಗೆ ಮೇಲೆ. ಮೂಗಿಗೆ ಆಕ್ಸಿಜನ್, ಬಾಯಿಂದ ಹೊಟ್ಟೆಗೆ ಸಣ್ಣ ನಳಿಗೆ. ಕಾಮಾಲೆ ಬಂತು, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಲೈಟಿನ ಕೆಳಗೆ ಮಲಗಿಸಿದರು. ನಾನು ಬಾಗಿಲ ಹೊರಗೆ ನಿಂತಿರುತ್ತಿದ್ದೆ. ಒಂದು ಬೆಳಿಗ್ಗೆ ಸಿಸ್ಟರ್ ಒಬ್ಬರು ಹೊರಗೆ ಬಂದು, "ಅಮ್ಮಂಗೆ ಇನ್ನೂ ಬಿಪಿ ಇಳಿದಿಲ್ಲ. ನೀವು ಸುಮ್ನೆ ಇಲ್ಲಿ ನಿಂತು ಏನ್ ಮಾಡ್ತೀರಿ? ಒಳಗೆ ಬನ್ನಿ. ಅಪ್ಪನ ಎದೆ ಬೆಚ್ಚಗಿರಲ್ವಾ?" ಅಂದರು.

ಉಂಗುರ, ವಾಚು, ಕೈದಾರ ಎಲ್ಲ ತೆಗೆಸಿದರು. ಮೊಣಕೈವರೆಗೆ ಸೋಪು ಹಾಕಿ ತೊಳೆಸಿದರು. ಕೆಮ್ಮು ನೆಗಡಿ ಇದೆಯಾ, ಮೈಮೇಲೆ ಗಾಯ ತುರಿಕೆ ಇದೆಯಾ ಅಂತ ಕೇಳಿದರು. ಶರ್ಟಿನ ಗುಂಡಿ ಬಿಚ್ಚಿ, ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಕೂರಿಸಿದರು. ಮಗುವಿನ ಮೈಮೇಲೆ ಕುಲಾವಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಏನೂ ಇರಲಿಲ್ಲ. ಅವಳನ್ನು ನೆಟ್ಟಗೆ ನನ್ನ ಎದೆಗೆ ಒರಗಿಸಿದರು. ತಲೆ ಒಂದು ಪಕ್ಕಕ್ಕೆ, ಗಲ್ಲ ತುಸು ಮೇಲಕ್ಕೆ. ಗಲ್ಲ ಎದೆಗೆ ಬಾಗಿದರೆ ಉಸಿರು ಕಟ್ಟುತ್ತದೆ, ಇದೊಂದನ್ನು ಮಾತ್ರ ಯಾವತ್ತೂ ಮರೀಬೇಡಿ ಅಂದರು. ಕೈಕಾಲು ಎರಡೂ ಕಡೆಗೆ ಮಡಚಿ, ಕುಂಡೆಯಿಂದ ಕಿವಿಯ ಕೆಳಗಿನವರೆಗೆ ಬರುವಂತೆ ಬಟ್ಟೆ ಸುತ್ತಿ ನನ್ನ ಬೆನ್ನಿಗೆ ಗಂಟು ಹಾಕಿದರು. ಅವಳ ಬೆನ್ನ ಮೇಲೆ ಅಂಗೈ ಇಟ್ಟೆ. ಬೆನ್ನು ಪೂರ್ತಿ ಅಂಗೈಯೊಳಗೇ ಮುಗಿದುಹೋಯಿತು. ಉಸಿರು ಕೈಗೆ ಸಿಗುತ್ತಿತ್ತು. ಮಧ್ಯೆ ಮಧ್ಯೆ ನಿಲ್ಲಿಸಿ, ಮತ್ತೆ ಬೇಗಬೇಗ ಎಳೆದುಕೊಳ್ಳುತ್ತಿದ್ದಳು. ತಿಂಗಳು ತುಂಬದ ಮಕ್ಕಳ ಉಸಿರು ಹೀಗೇ ಇರುತ್ತದಂತೆ. ಆದರೆ 20 ಸೆಕೆಂಡ್‌ಗೂ ಜಾಸ್ತಿ ನಿಂತರೆ, ಅಥವಾ ತುಟಿ ನೀಲಿ ಆದರೆ, ತಕ್ಷಣ ಕೂಗಿ, ಪಾದ ಉಜ್ಜಿ ಎಂದು ತೋರಿಸಿಕೊಟ್ಟರು.

ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ (ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ) ಸಾಲದೆ ಒಂದರಲ್ಲೇ ಎರಡು ಮೂರು ಮಕ್ಕಳನ್ನು ಮಲಗಿಸಬೇಕಾದ ಆಸ್ಪತ್ರೆಯೊಂದರಲ್ಲಿ ಶುರುವಾದದ್ದು. ಎಡ್ಗರ್ ರೇ ಅನ್ನುವ ಡಾಕ್ಟರ್ ತಾಯಂದಿರ ಎದೆಗೇ ಮಕ್ಕಳನ್ನು ಕಟ್ಟಿಸಿದರು. ಮುಂಚೆಲ್ಲ ಮಗು ಸ್ವಲ್ಪ ಸುಧಾರಿಸಿದ ಮೇಲೆ ಇದನ್ನು ಶುರು ಮಾಡುತ್ತಿದ್ದರು. ಆಮೇಲೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಹುಟ್ಟಿದ ಕೂಡಲೇ ಎದೆಗೆ ಹಾಕಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಮೊದಲ 28 ದಿನಗಳಲ್ಲಿ ಸಾವು ಸುಮಾರು ಕಾಲು ಭಾಗ ಕಡಿಮೆ. ಅದಾದ ಮೇಲೆ, 2022ರಿಂದ, ಆದಷ್ಟು ಬೇಗ ಶುರು ಮಾಡಿ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿದೆ. ವಾರ್ಡಿನ ಯುವ ಡಾಕ್ಟರ್ ಒಬ್ಬರು ರೌಂಡ್ಸ್ ಮುಗಿಸಿ ನನ್ನ ಪಕ್ಕ ನಿಂತು ಇದನ್ನೆಲ್ಲ ಹೇಳಿದರು. ರಾತ್ರಿ ಡ್ಯೂಟಿ ಮಾಡಿ ಕಣ್ಣು ಕೆಂಪಾಗಿತ್ತು. ಅಡಿಕೆ ತೋಟದವನಿಗೆ ಇದೆಲ್ಲ ಯಾಕೆ ಅಂತ ಅವರು ಅಂದುಕೊಳ್ಳಲಿಲ್ಲ. ನನಗೆ ಧೈರ್ಯ ಬಂದದ್ದೇ ಅಲ್ಲಿಂದ.

ಹಾಲಿನ ವಿಷಯ ಹೆಂಡತಿಯದು. ಅವಳಿಗೆ ಎದ್ದು ಕೂರೋಕೆ ಆಗದಿದ್ದಾಗಲೂ ಸಿಸ್ಟರ್ ಬಟ್ಟಲು ಹಿಡಿದು ಬಂದು, ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿಸುತ್ತಿದ್ದರು. ಮೊದಮೊದಲು ಬಟ್ಟಲಿನ ತಳ ಒದ್ದೆಯಾಗುವಷ್ಟೇ ಬರುತ್ತಿತ್ತು. ಅವಳು ಅಳುತ್ತಿದ್ದಳು. "ನಿನ್ ಮಗಳ ಹೊಟ್ಟೆ ಇರೋದೇ ಇಷ್ಟು, ಇದೇ ಸಾಕಮ್ಮ" ಎಂದು ಆ ಹಳದಿ ಹಾಲನ್ನು ಹನಿಯೂ ಬಿಡದೆ ನಳಿಗೆಗೆ ಹಾಕುತ್ತಿದ್ದರು. ಚೀಪೋಕೆ ಶಕ್ತಿ ಬರುವವರೆಗೆ ಆಮೇಲೆ ಕುಡಿಸಿದ್ದು ಒಳಲೆಯಲ್ಲಿ. ಸ್ಟೀಲಿನ ಒಳಲೆ ನೋಡಿದ್ದೇ ತಡ, ನಮ್ಮ ಅಮ್ಮನ ಮುಖ ಅರಳಿತು. "ಇದು ನಮ್ಮನೇಲೂ ಇದ್ಯಲ್ಲ!" ಅಂದರು. ಅಲ್ಲಿವರೆಗೆ ಆಸ್ಪತ್ರೆಯ ಒಂದೊಂದು ಮಾತಿಗೂ ಅಮ್ಮನದು ಅನುಮಾನವೇ.

ಅಮ್ಮನನ್ನು ಒಪ್ಪಿಸಿದ ರೀತಿಯೂ ಹೇಳಲೇಬೇಕು. ನಮ್ಮ ಕಡೆ ಬಾಣಂತನ ಅಂದರೆ ಗೊತ್ತಲ್ವಾ? ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಎರೆಯಬೇಕು, ಸಾಂಬ್ರಾಣಿ ಹೊಗೆ ಹಾಕಬೇಕು, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಬೇಕು. ಈ ಮಗುವಿಗೆ ಇದ್ಯಾವುದೂ ಬೇಡ ಅಂತ ಡಾಕ್ಟರ್ ಹೇಳಿದಾಗ ಅಮ್ಮ ಮುಖ ತಿರುಗಿಸಿದ್ದರು. ಸಿಸ್ಟರ್ ವಾದ ಮಾಡಲಿಲ್ಲ. "ಅಜ್ಜೀ, ನೀವೂ ಬನ್ನಿ" ಎಂದು ಕರೆದು ಮೊಮ್ಮಗಳನ್ನು ಅವರ ಎದೆಗೇ ಕಟ್ಟಿದರು. ಬೆರಳಿನ ಹಿಂಭಾಗದಿಂದ ಮೊದಲು ಮಗುವಿನ ಹೊಟ್ಟೆ, ಆಮೇಲೆ ಪಾದ ಮುಟ್ಟಿಸಿದರು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ಹತ್ತುತ್ತಿದೆ, ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಾದರೆ ತಡ ಮಾಡದೆ ಆಸ್ಪತ್ರೆಗೆ. ಅಮ್ಮ ಆ ಪರೀಕ್ಷೆಯನ್ನು ತಮ್ಮ ಕೆಲಸ ಮಾಡಿಕೊಂಡರು. ಮನೆಗೆ ಬಂದ ಮೇಲೆ ಹೊಗೆಯ ಮಾತು ಎತ್ತಿದ ನೆಂಟರನ್ನು ಅವರೇ ಸುಮ್ಮನಾಗಿಸುತ್ತಿದ್ದರು.

ಬಿಲ್ ಕಟ್ಟುವ ಪ್ರಶ್ನೆಯೇ ಬರಲಿಲ್ಲ. ಹುಷಾರಿಲ್ಲದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ಗಾಡಿ ಎಲ್ಲ ಉಚಿತ ಅನ್ನುವ ಯೋಜನೆ 2011ರಿಂದ ಇದೆ. ವಾಪಸ್ ಬಂದದ್ದು ತಾಯಿ ಮಗುವನ್ನು ಮನೆಗೆ ಬಿಡುವ ಸರ್ಕಾರದ ನಗು-ಮಗು ಗಾಡಿಯಲ್ಲಿ.

ಮನೆಯಲ್ಲಿ ನಮಗೆ ಕಷ್ಟ ಕೊಟ್ಟದ್ದು ಮಳೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲು ಒಲೆಯ ಮೇಲೆ, ಹೊಗೆ ವಾಸನೆ ಹಿಡಿದು. ಮಗುವಿನ ಬಟ್ಟೆಗೆ ಅದು ಬೇಡ ಅಂದಿದ್ದರು. ಒಳಗಿನ ಕೋಣೆಯಲ್ಲಿ ಹಗ್ಗ ಕಟ್ಟಿ ಫ್ಯಾನ್ ಹಾಕಿದೆವು. ಕೊನೆಗೆ ಇಸ್ತ್ರಿ ಪೆಟ್ಟಿಗೆ ಆಡಿಸಿ ತೇವ ತೆಗೆಯುತ್ತಿದ್ದೆವು. ಕರೆಂಟ್ ದಿನಗಟ್ಟಲೆ ಇರುತ್ತಿರಲಿಲ್ಲ, ಆಗ ಕೆಂಡದ ಇಸ್ತ್ರಿ. ಫ್ರಿಜ್ ನಂಬುವಂತಿಲ್ಲ, ಹಾಗಾಗಿ ಹಿಂಡಿದ ಹಾಲನ್ನು ಕೂಡಿಡದೆ ಆಗಿಂದಾಗಲೇ ಕುಡಿಸುತ್ತಿದ್ದೆವು. ರೂಮ್ ಹೀಟರ್ ತರುವ ಯೋಚನೆ ಇತ್ತು. ಬೇಕಾಗಲಿಲ್ಲ, ನಾವು ಮೂವರು ಇದ್ದೆವಲ್ಲ. ಹಗಲು ಹೆಂಡತಿ, ಸಂಜೆ ಅಮ್ಮ, ರಾತ್ರಿ ನಾನು. ಗೋಡೆಗೆ ದಿಂಬು ಪೇರಿಸಿ ಅರ್ಧ ಒರಗಿ ಕೂತು ಮಲಗುವುದು ಅಭ್ಯಾಸವಾಯಿತು. ಒಂದು ಸಲ ಹಾಕಿಕೊಂಡರೆ ಕನಿಷ್ಠ ಒಂದು ಗಂಟೆ ತೆಗೆಯಬಾರದು, ಪದೇ ಪದೇ ಎತ್ತಿದರೆ ನಿದ್ದೆ ಕೆಟ್ಟು ಮಗು ಸುಸ್ತಾಗುತ್ತದೆ. ಆಶಾ ಕಾರ್ಯಕರ್ತೆ ಕೊಡೆ ಹಿಡಿದು, ಸೇತುವೆ ಇಲ್ಲದ ಹಳ್ಳ ಸುತ್ತಿ ಬಂದು ತೂಕ ನೋಡುತ್ತಿದ್ದರು. ತೂಕ ಎರಡೂವರೆ ಕೆಜಿ ಹತ್ತಿರ ಬಂದಾಗ ಅವಳೇ ಒದ್ದಾಡಿ ಬಟ್ಟೆಯಿಂದ ಆಚೆ ಬರೋಕೆ ನೋಡಿದಳು. ಹಾಗೆ ಮಾಡಿದಾಗ ನಿಲ್ಲಿಸಿ ಅಂತ ಮೊದಲೇ ಹೇಳಿದ್ದರು.

ತಿಂಗಳೊಳಗೆ ಕಣ್ಣಿನ ಪರೀಕ್ಷೆ ತಪ್ಪಿಸಲೇಬೇಡಿ ಅಂತ ಡಿಸ್ಚಾರ್ಜ್ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಕಳಿಸಿದ್ದರು. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಪರದೆಯಲ್ಲಿ ರಕ್ತನಾಳ ಸರಿಯಾಗಿ ಬೆಳೆಯದೆ ದೃಷ್ಟಿಯೇ ಹೋಗಬಹುದು, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಗು ಚೆನ್ನಾಗಿದೆಯಲ್ಲ, ಮಳೆ ಕಡಿಮೆಯಾಗಲಿ ಅಂತ ಯಾರೂ ಮುಂದೂಡಬೇಡಿ.

ಫಾಲೋಅಪ್‌ಗೆ ಹೋದಾಗ ಸಿಹಿ ತೆಗೆದುಕೊಂಡು ಹೋಗಿದ್ದೆ. ಸಿಸ್ಟರ್ ಒಂದೊಂದು ಪೇಡ ತಗೊಂಡು, "ಮುಂದಿನ ಸಲ ಕುಲಾವಿ ತನ್ನಿ, ಮೆತ್ತಗಿನ ಹಳೆ ಪಂಚೆ ತನ್ನಿ, ನಮಗೆ ಎಷ್ಟಿದ್ದರೂ ಸಾಲಲ್ಲ" ಅಂದರು. ಅಂದಿನಿಂದ ಅಮ್ಮ ಮತ್ತು ನಮ್ಮೂರಿನ ಇಬ್ಬರು ಹೆಂಗಸರು ಮಳೆಗಾಲವಿಡೀ ಕುಲಾವಿ ಹೆಣೆಯುತ್ತಾರೆ. ಕಿತ್ತಳೆ ಹಣ್ಣು ಹಿಡಿಸುವಷ್ಟು ಅಳತೆ ಇಟ್ಟುಕೊಳ್ಳಿ ಅಂತ ಸಿಸ್ಟರೇ ಹೇಳಿಕೊಟ್ಟಿದ್ದು. ಪಂಚೆಗಳನ್ನು ಕುದಿಸಿ, ಬಿಸಿಲಿಗೆ ಒಣಗಿಸಿ ನಾನು ಕಟ್ಟಿಕೊಂಡು ಹೋಗಿ ಕೊಡುತ್ತೇನೆ.

ಸುತ್ತಮುತ್ತ ಯಾರಿಗಾದರೂ ತಿಂಗಳು ತುಂಬದ ಮಗು ಹುಟ್ಟಿದರೆ ಈಗ ನನಗೆ ಫೋನ್ ಬರುತ್ತದೆ. ಅಪ್ಪಂದಿರಿಗೆ ನಾನು ಹೇಳುವುದಿಷ್ಟೇ: ಮುಂದೆ ಗುಂಡಿ ಇರುವ ಎರಡು ಶರ್ಟ್ ತಗೊಂಡು ಹೋಗಿ, ಉಗುರು ಕತ್ತರಿಸಿಕೊಳ್ಳಿ, ಬೀಡಿ ಸಿಗರೇಟ್ ಬಿಡಿ, "ನಾನೂ ಎದೆಗೆ ಹಾಕಿಕೊಳ್ಳಬಹುದಾ?" ಎಂದು ಸಿಸ್ಟರನ್ನು ನೀವಾಗಿಯೇ ಕೇಳಿ.