ಅಪ್ಪನ ಅಂಬಾಸಡರ್‌ನ ಹಳೆ ಮುಳ್ಳಿಗೆ ಹೊಸ ಸೆನ್ಸರ್

ನಮ್ಮ ಅಂಬಾಸಡರ್‌ನ ಟೆಂಪರೇಚರ್ ಮುಳ್ಳು ವರ್ಷಗಟ್ಟಲೆ ಎಚ್ (ಹಾಟ್) ಗುರುತಿನ ಹತ್ತಿರವೇ ನಿಂತಿತ್ತು. ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಐದು ನಿಮಿಷಕ್ಕೆ ಅಲ್ಲಿಗೆ ಹೋಗಿ ಕೂತರೆ ಮತ್ತೆ ಇಳಿಯುತ್ತಿರಲಿಲ್ಲ. ಮೆಕ್ಯಾನಿಕ್‌ಗೆ ತೋರಿಸಿದರೆ, "ಮುಳ್ಳಿಂದೇನ್ ನೋಡ್ತೀರಿ, ಗಾಡಿ ಚಲೋ ಅದ ಬಿಡ್ರಿ" ಎಂದ. ಬಿಟ್ಟೆವು. ಒಂದು ಮೇ ತಿಂಗಳ ಮಧ್ಯಾಹ್ನ ಸೇಡಂ ರಸ್ತೆಯಲ್ಲಿ ಎಂಜಿನ್ ನಿಜವಾಗಿಯೇ ಕುದಿಯಿತು. ಅವತ್ತೂ ಮುಳ್ಳು ಎಂದಿನ ಜಾಗದಲ್ಲೇ ಇತ್ತು, ಹಾಗಾಗಿ ಬಾನೆಟ್ ಸಂದಿಯಿಂದ ಹಬೆ ಬರುವ ತನಕ ಯಾರಿಗೂ ಗೊತ್ತಾಗಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಯಿತು. ಕಲಬುರಗಿ ಬಿಸಿಲಲ್ಲಿ ಸುಳ್ಳು ಹೇಳುವ ಮುಳ್ಳು ಇಟ್ಟುಕೊಂಡು ಗಾಡಿ ಓಡಿಸಬಾರದು ಅಂತ ಅವತ್ತೇ ನಿರ್ಧರಿಸಿದೆ.

ಡಿಜಿಟಲ್ ಮೀಟರ್ ಹಾಕು ಅಂದವರೇ ಬಹಳ ಮಂದಿ. ಆ ಡಯಲ್ ನೋಡುತ್ತಲೇ ಅಪ್ಪ ನಲವತ್ತು ವರ್ಷ ಗಾಡಿ ಓಡಿಸಿದ್ದಾರೆ. ಅದನ್ನು ತೆಗೆಯಲು ನನಗೆ ಮನಸ್ಸಿರಲಿಲ್ಲ.

ಮೊದಲು ಡ್ಯಾಶ್‌ಬೋರ್ಡ್ ಬಿಚ್ಚಿ, ಹಳೆ ಮೀಟರ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದೆ. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ, ಅದರ ಸುತ್ತ ಸಣ್ಣ ತಂತಿ. ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ಏರುತ್ತದೆ. ಈ ಮೀಟರ್‌ಗಳಿಗೆ 12 ವೋಲ್ಟ್ ನೇರವಾಗಿ ಬರುವುದಿಲ್ಲ. ಮಧ್ಯೆ ಒಂದು ಪುಟ್ಟ ಡಬ್ಬಿ, ವೋಲ್ಟೇಜ್ ಸ್ಟೆಬಿಲೈಸರ್, ಇರುತ್ತದೆ. ಅದೂ ಬಿಸಿಯಾಗಿ ಬಾಗುವ ಪಟ್ಟಿಯೇ: ಹತ್ತುತ್ತಾ ಆರುತ್ತಾ ಸರಾಸರಿ 10 ವೋಲ್ಟ್ ಕೊಡುತ್ತದೆ. ಸರಿಯಿರುವ ಡಬ್ಬಿಗೆ ಮಲ್ಟಿಮೀಟರ್ ಹಿಡಿದರೆ ಅಂಕಿ ಸೊನ್ನೆಗೂ 12ಕ್ಕೂ ಜಿಗಿಯುತ್ತಿರಬೇಕು. ನಮ್ಮದರಲ್ಲಿ 12ರ ಮೇಲೆ ಗಟ್ಟಿಯಾಗಿ ನಿಂತಿತ್ತು. ಡಬ್ಬಿಯ ಮೈಯೇ ಅದರ ಅರ್ಥಿಂಗ್. ಸ್ಕ್ರೂ ತುಕ್ಕು ಹಿಡಿದು ಅರ್ಥಿಂಗ್ ತಪ್ಪಿದ್ದರಿಂದ ಪಟ್ಟಿ ಬಿಸಿಯಾಗುತ್ತಿರಲಿಲ್ಲ, ಪೂರ್ತಿ ವೋಲ್ಟೇಜ್ ದಾಟಿ ಹೋಗುತ್ತಿತ್ತು. ಕಾಲು ಟ್ಯಾಂಕ್ ತೋರಿಸುತ್ತಲೇ ಜೇವರ್ಗಿ ರಸ್ತೆಯಲ್ಲಿ ಪೆಟ್ರೋಲ್ ಮುಗಿದು ಗಾಡಿ ನಿಂತದ್ದು ಯಾಕೆ ಅಂತ ಅವತ್ತು ತಿಳಿಯಿತು: ಎರಡು ಮೀಟರ್‌ಗೂ ಆ ಡಬ್ಬಿ ಒಂದೇ. ನಿಮ್ಮ ಗಾಡಿಯ ಎರಡು ಮುಳ್ಳೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ಮೊದಲು ಆ ಸ್ಕ್ರೂ ಉಜ್ಜಿ ನೋಡಿ.

ಅರ್ಥಿಂಗ್ ಸರಿಯಾದ ಮೇಲೂ ಟೆಂಪರೇಚರ್ ತಾಳೆಯಾಗಲಿಲ್ಲ. ಎಂಜಿನ್ ಬಿಸಿಯನ್ನು ಮೀಟರ್‌ಗೆ ತಿಳಿಸುವ ಭಾಗಕ್ಕೆ ಸೆಂಡರ್ ಅನ್ನುತ್ತಾರೆ; ಹಿಂದೆ ಯಾರೋ ಹಾಕಿದ್ದ ಸೆಂಡರ್ ಈ ಮೀಟರ್‌ಗೆ ಹೊಂದುವಂಥದಾಗಿರಲಿಲ್ಲ. ಹಾಗಾಗಿ ಈಗಿನ ಕಾರುಗಳಲ್ಲಿ ಇಸಿಯುಗೆ (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್‌ಗೆ) ಹೋಗುವ ಎರಡು ಪಿನ್ನಿನ ಕೂಲಂಟ್ ಸೆನ್ಸರ್ ತಂದೆ. ಹಳೆ ರಂಧ್ರಕ್ಕೆ ಅದರ ಥ್ರೆಡ್ ಕೂರಲಿಲ್ಲ. ಕಪನೂರಿನ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಅಡಾಪ್ಟರ್ ಕಡೆಸಿದೆ.

ಇದೂ ಬಿಸಿಯಾದಂತೆ ರೆಸಿಸ್ಟೆನ್ಸ್ ಇಳಿಯುವ ಜಾತಿಯೇ. ಆದರೆ ಅಳತೆ ಬೇರೆ: 20 ಡಿಗ್ರಿಗೆ ಸುಮಾರು 2500 ಓಮ್, 80ಕ್ಕೆ 320ರ ಆಸುಪಾಸು, 100ಕ್ಕೆ 186. ನಮ್ಮ ಮೀಟರ್ ತಂತಿ ಸುಮಾರು 60 ಓಮ್. ನೇರವಾಗಿ ಜೋಡಿಸಿದರೆ ನೀರು ಕುದಿದರೂ ಮುಳ್ಳು ಅರ್ಧಕ್ಕೆ ಬರುವುದಿಲ್ಲ. ಮಧ್ಯೆ ಒಬ್ಬ ದುಭಾಷಿ ಬೇಕು.

ಆ ಕೆಲಸಕ್ಕೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಿಂದ ಒಂದು ಆರ್ಡುಯಿನೋ ನ್ಯಾನೋ ತಂದೆ, ಪ್ರೋಗ್ರಾಮ್ ಬರೆದು ಹಾಕಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡ್. 12 ವೋಲ್ಟನ್ನು 5ಕ್ಕೆ ಇಳಿಸಲು ಬಕ್ ಕನ್ವರ್ಟರ್, ಅದರ ಮುಂದೆ ಫ್ಯೂಸ್, ಡಯೋಡ್ ಮತ್ತು ಏರುವ ವೋಲ್ಟೇಜ್ ನುಂಗಲು ಟಿವಿಎಸ್ ಡಯೋಡ್. 5 ವೋಲ್ಟ್‌ನಿಂದ 1 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಸೆನ್ಸರ್. ಎರಡರ ನಡುವಿನ ವೋಲ್ಟೇಜನ್ನು ನ್ಯಾನೋ ಓದುತ್ತದೆ. ಮೀಟರ್ ಕಡೆಗೆ, ಹಳೆ ಸೆಂಡರ್ ಇದ್ದ ಜಾಗದಲ್ಲಿ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಮತ್ತು ಸರಣಿಯಲ್ಲಿ 33 ಓಮ್, 2 ವ್ಯಾಟ್ ರೆಸಿಸ್ಟರ್. ಈ 33 ಓಮ್ ಬಿಡಬೇಡಿ. ಮೀಟರ್ ತಂತಿಯನ್ನು ನೇರ ಅರ್ಥ್‌ಗೆ ಕೊಟ್ಟರೆ ಸುಟ್ಟು ಹೋಗಬಹುದು, ಅಂಥ ಡಯಲ್ ಮತ್ತೆ ಸಿಗುವುದು ಕಷ್ಟ. ಮಾಸ್‌ಫೆಟ್‌ನ ಗೇಟ್‌ಗೆ, ಅಂದರೆ ನ್ಯಾನೋ ಅದನ್ನು ಆಡಿಸುವ ಪಿನ್ನಿಗೆ, 10 ಕಿಲೋ ಓಮ್ ಹಾಕಿ ಅರ್ಥ್‌ಗೆ ಎಳೆದಿದ್ದೇನೆ, ನ್ಯಾನೋ ಎಚ್ಚರಾಗುವ ತನಕ ಮಾಸ್‌ಫೆಟ್ ಸುಮ್ಮನಿರಲಿ ಅಂತ.

ಮಾಸ್‌ಫೆಟ್ ಸೆಕೆಂಡಿಗೆ 490 ಸಲ ಹತ್ತಿ ಆರುತ್ತದೆ. ಬಿಸಿ ಪಟ್ಟಿಗೆ ಅದು ಗೊತ್ತೇ ಆಗುವುದಿಲ್ಲ, ಸರಾಸರಿ ಶಾಖ ಮಾತ್ರ ತಿಳಿಯುತ್ತದೆ. ನನಗೆ ಬಹಳ ಹಿಡಿಸಿದ್ದು ಇದೇ. ವೋಲ್ಟೇಜ್ ಅರ್ಧ ಮಾಡಿದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಹತ್ತಿರುವ ಹೊತ್ತನ್ನು ಅರ್ಧ ಮಾಡಿದರೆ ಶಾಖ ಅರ್ಧವೇ ಆಗುತ್ತದೆ, ಲೆಕ್ಕ ಸಲೀಸು.

ಮುಳ್ಳಿನ ಜಾಗ ಹೊಂದಿಸಿದ್ದು ಅಡುಗೆಮನೆಯಲ್ಲಿ. ಪಾತ್ರೆಯಲ್ಲಿ ನೀರು, ದಾರ ಕಟ್ಟಿ ತೂಗಿಬಿಟ್ಟ ಸೆನ್ಸರ್, ಪಕ್ಕದಲ್ಲಿ ಥರ್ಮಾಮೀಟರ್. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿ ನೀರು 98.5 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರನ್ನು 100 ಅಂತ ಹಿಡಿಯಬೇಡಿ. ಐದೈದು ಡಿಗ್ರಿಗೊಮ್ಮೆ ಓದಿ ಪಟ್ಟಿ ಬರೆದೆ. ಮೀಟರ್ ಕಡೆ, ಮಾಸ್‌ಫೆಟ್ ಎಷ್ಟು ಹೊತ್ತು ಹತ್ತಿರಬೇಕು ಎಂಬ ಒಂದೊಂದು ಅಂಕಿ ಕೊಟ್ಟು ಅರ್ಧ ನಿಮಿಷ ಕಾದು ಮುಳ್ಳು ನಿಂತ ಜಾಗ ಗುರುತಿಸಿದೆ. 85ಕ್ಕೆ ನಟ್ಟನಡುವೆ, 105ಕ್ಕೆ ಎಚ್. ಸೆನ್ಸರ್ ವೈರ್ ಕಿತ್ತರೆ ಪ್ರೋಗ್ರಾಮ್ ಅದನ್ನು ತಣ್ಣಗಿದೆ ಎಂದು ತಿಳಿಯಬಾರದು. ಹಾಗಾದಾಗ ಮುಳ್ಳು ಎಚ್ ತನಕ ಹೋಗಿ ಬಂದು ಓಲಾಡುವಂತೆ ಬರೆದೆ.

ಗಾಡಿಗೆ ಹಾಕಿದ ಮೊದಲ ರಾತ್ರಿಯೇ ವಿಚಿತ್ರ: ಹೆಡ್‌ಲೈಟ್ ಹಾಕಿದರೆ ಎಂಜಿನ್ 5 ಡಿಗ್ರಿ ಬಿಸಿ! ಸೆನ್ಸರ್‌ನ ಒಂದು ಪಿನ್ನನ್ನು ನಾನು ಎಂಜಿನ್ ಬ್ಲಾಕ್‌ಗೆ ಕೊಟ್ಟಿದ್ದೆ, ನ್ಯಾನೋ ಬಾಡಿಯ ಅರ್ಥ್ ಮೇಲಿತ್ತು. ಎರಡರ ನಡುವಿನ ಹಳೆ ಅರ್ಥಿಂಗ್ ಪಟ್ಟಿಯಲ್ಲಿ ಕರೆಂಟ್ ಹರಿದಾಗ 0.1 ವೋಲ್ಟ್ ವ್ಯತ್ಯಾಸ ಬರುತ್ತಿತ್ತು. ಆ ಪಿನ್ನಿನಿಂದ ನ್ಯಾನೋ ತನಕ ಬೇರೆಯೇ ವೈರ್ ಎಳೆದ ಮೇಲೆ ಲೈಟ್ ಹಾಕಿದರೂ ಆರಿಸಿದರೂ ಮುಳ್ಳು ಅಲುಗಲಿಲ್ಲ.

ಮುಂದಿನ ವಾರ ಅಪ್ಪನನ್ನು ಕೂರಿಸಿಕೊಂಡು ಹುಮನಾಬಾದ್‌ಗೆ ಹೊರಟೆ. ಕಮಲಾಪುರ ದಾಟಿದ ಮೇಲೆ ಏರಿನಲ್ಲಿ ಮುಳ್ಳು ನಡುವಿನಿಂದ ಒಂದು ಗೆರೆ ಮೇಲೆ ಸರಿಯಿತು. ನನಗಿಂತ ಮೊದಲು ಅಪ್ಪನೇ ನೋಡಿ, "ನಿಂದ್ರಸು" ಎಂದರು. ಬೇವಿನ ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ಫ್ಯಾನ್ ಬೆಲ್ಟ್ ಸಡಿಲ, ಬೆರಳಲ್ಲಿ ಒತ್ತಿದರೆ ಜೋತು ಬೀಳುತ್ತಿತ್ತು. ಎಂಜಿನ್ ಆರಿದ ಮೇಲೆ ಆಲ್ಟರ್ನೇಟರ್ ಸರಿಸಿ ಬೋಲ್ಟ್ ಬಿಗಿದೆ. ಹುಮನಾಬಾದ್ ಮುಟ್ಟುವ ತನಕ ಮುಳ್ಳು ನಡುವಿನಲ್ಲೇ ಇತ್ತು.